ಮೂರು ಚಿಮಣಿಯ ಹಡಗು

ತೆಂಗಿನ ಚಿಪ್ಪು ಉರಿಯುವ ವಾಸನೆ ಮೂಗಿಗೆ ಬಿದ್ದರೆ ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಕೆಲವರಿಗೆ ಬಚ್ಚಲ ಹಂಡೆ, ಕೆಲವರಿಗೆ ಇಸ್ತ್ರಿ ಪೆಟ್ಟಿಗೆ, ಇನ್ನು ಕೆಲವರಿಗೆ ಬಾಣಂತಿಯ ಕೋಣೆ. ನನಗೆ ಇಟಲಿಯ ಯುದ್ಧನೌಕೆ ನೆನಪಾಗುತ್ತದೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ಈ ಮಾತಿಗೆ ನನ್ನ ಹೆಂಡತಿ ಮದುವೆಯಾದಾಗಿನಿಂದ ನಗುತ್ತಲೇ ಇದ್ದಾಳೆ. ಮೊನ್ನೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ರಸ್ತೆಯಾಚೆ ಯಾರೋ ಚಿಪ್ಪಿನ ರಾಶಿಗೆ ಬೆಂಕಿ ಕೊಟ್ಟು ಇದ್ದಿಲು ಮಾಡುತ್ತಿದ್ದರು. ಎಣ್ಣೆಯ ಜಿಡ್ಡಿರುವ ಆ ಹೊಗೆ ಗಾಳಿಗೆ ತಿರುಗಿ ನಮ್ಮ ಮುಖಕ್ಕೇ ಬಂತು. ಪಕ್ಕದಲ್ಲಿದ್ದವರು ಕೆಮ್ಮುತ್ತಾ ದೂರ ಸರಿದರು. ನಾನು ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ, ಬಂದ ಬಸ್ಸು ನನ್ನನ್ನು ಬಿಟ್ಟು ಹೋಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ತಿಪಟೂರಿನಲ್ಲಿ ಕಾಲೇಜು ಹುಡುಗರಿಗೆ ಚರಿತ್ರೆ ಪಾಠ ಹೇಳುತ್ತಿದ್ದೆ. ಹಂದನಕೆರೆ ಕಡೆಯ ತೋಟದ ಮನೆಯಿಂದ ಬಂದವನು, ನಮ್ಮ ವಂಶದಲ್ಲಿ ಎಂ.ಎ. ಮಾಡಿದ ಮೊದಲನೆಯವನು. ಇಪ್ಪತ್ತೆಂಟನೇ ವಯಸ್ಸಿಗೆ ಎಷ್ಟು ಜಂಬ ಇರಬಹುದೋ ಅದಕ್ಕಿಂತ ಒಂದು ಹಿಡಿ ಹೆಚ್ಚೇ ನನಗಿತ್ತು. ಆಗ ಮೈಸೂರಿನಲ್ಲಿ ಕೆಲವು ವಿದ್ವಾಂಸರು ಸೇರಿ ಲೋಕದ ಸಮಸ್ತ ವಿಷಯವನ್ನೂ ಕನ್ನಡದಲ್ಲಿ ತಿಳಿಸುವ ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸುತ್ತಿದ್ದರು. ಲೇಖಕರ ಸಭೆಗೆ ನನಗೂ ಕರೆ ಬಂತು. ಸಂಪಾದಕರು ಒಂದೊಂದೇ ವಿಷಯ ಓದಿ ಹಂಚುತ್ತಾ ಹೋದರು. ಹೊಯ್ಸಳರು, ವಿಜಯನಗರ ಎಂದ ಕೂಡಲೇ ಹತ್ತು ಕೈ ಮೇಲೇಳುತ್ತಿದ್ದವು. ‘ಇಟಲಿಯ ಆರಂಭಕಾಲದ ವಿಧ್ವಂಸಕ ನೌಕೆಗಳು: ರಚನೆ ಮತ್ತು ಸೇವೆ’ ಎಂದಾಗ ಮಾತ್ರ ಫ್ಯಾನಿನ ಸದ್ದು ಕೇಳಿಸಿತು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಕೈ ಎತ್ತಿದೆ. ‘ನೌಕಾಯುದ್ಧದಲ್ಲಿ ತಮಗೆ ಆಸಕ್ತಿಯೋ?’ ಎಂದು ಸಂಪಾದಕರು ಕನ್ನಡಕ ಸರಿಸಿ ಕೇಳಿದರು. ‘ಮೊದಲಿನಿಂದಲೂ’ ಎಂದೆ. ಅದುವರೆಗೆ ನಾನು ಸಮುದ್ರವನ್ನು ಕಂಡಿದ್ದು ಅಕ್ಕಿ ಅಂಗಡಿಯ ಕ್ಯಾಲೆಂಡರಿನಲ್ಲಿ.

ನನ್ನ ಬಾಡಿಗೆ ಕೋಣೆ ಗಂಗಾಧರಪ್ಪನವರ ಎಣ್ಣೆ ಮಿಲ್ಲಿನ ಕಾಂಪೌಂಡಿಗೆ ಅಂಟಿಕೊಂಡಿತ್ತು. ಅಲ್ಲಿ ಚಿಪ್ಪು ಉರಿಸಿ ಉಗಿ ಮಾಡುವ ಹಳೆಯ ಬಾಯ್ಲರೊಂದಿತ್ತು. ಅದರ ಹೊಗೆ ನನ್ನ ಅಂಗಿ, ಹಾಸಿಗೆ, ಪರೀಕ್ಷೆಯ ಉತ್ತರಪತ್ರಿಕೆ ಎಲ್ಲದರಲ್ಲೂ ಇರುತ್ತಿತ್ತು. ಮೈಸೂರಿನಿಂದ ಬಂದ ಮಾರನೆಯ ದಿನ ಗಂಗಾಧರಪ್ಪನವರ ಎದುರು ನನ್ನ ಹೊಸ ಜವಾಬ್ದಾರಿಯನ್ನು ದೊಡ್ಡದಾಗಿ ಹೇಳಿಕೊಂಡೆ, ಇದಕ್ಕೆ ಬೆಂಗಳೂರಿನ ಲೈಬ್ರರಿಗಳನ್ನೆಲ್ಲ ಜಾಲಾಡಬೇಕಾಗುತ್ತದೆ ಎಂದೂ ಸೇರಿಸಿದೆ.

‘ಹಡ್ಗಾ? ಅದುಕ್ಯಾಕೆ ಬೆಂಗ್ಳೂರಿಗೆ ಹೋಯ್ತೀರಿ ಮೇಷ್ಟ್ರೇ’ ಎಂದರು ಅವರು. ‘ನಮ್ ದಸ್ತಗೀರ್ ಸಾಬ್ರನ್ನ ಕೇಳಿ. ಇಟಲಿ ಹಡ್ಗು ಅಂದ್ರೆ ಊಟ ಬುಟ್ಟು ಮಾತಾಡ್ತಾರೆ.’

ದಸ್ತಗೀರ್ ಸಾಬರು ಆ ಬಾಯ್ಲರಿನ ಮಿಸ್ತ್ರಿ. ಐವತ್ತೈದರ ಆಸುಪಾಸು, ಸಣಕಲು ದೇಹ, ಎಡಗೈಯ ಎರಡು ಬೆರಳಿಗೆ ಉಗುರಿಲ್ಲ. ಊರಿನ ಅರ್ಧ ಪಂಪುಸೆಟ್ಟುಗಳು ಅವರ ಕೈಯಿಂದಲೇ ಉಸಿರಾಡುತ್ತಿದ್ದವು. ಅವರು ಮಿಷನ್ನನ್ನು ಬಿಚ್ಚುವುದಕ್ಕೆ ಮೊದಲು ಅದರ ಮೈಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಇಂಥ ಕಡೆ ಇಂಥದ್ದು ಹೋಗಿದೆ ಎಂದರೆ ಅಲ್ಲೇ ಹೋಗಿರುತ್ತಿತ್ತು. ಅವರ ಬದುಕು ನಿಂತಿದ್ದು ಆ ಮಾತಿನ ಮೇಲೆ. ಸಾಬರು ಹೇಳಿದರೆ ಮುಗಿಯಿತು ಎಂದು ಜನ ನಂಬುತ್ತಿದ್ದರು. ಇದನ್ನು ನೀವು ನೆನಪಿನಲ್ಲಿಡಬೇಕು, ಯಾಕೆಂದರೆ ಅದನ್ನು ಹಾಳುಮಾಡಿದವನು ನಾನು.

ಅವರ ಇಟಲಿಯ ಕಥೆ ಹೀಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಸೆರೆಯಾಳುಗಳನ್ನು ಬೆಂಗಳೂರಿನ ಕ್ಯಾಂಪುಗಳಲ್ಲಿ ಇಟ್ಟಿದ್ದರಲ್ಲ, ಅಂಥ ಒಂದು ಕ್ಯಾಂಪಿನ ನೀರಿನ ಪಂಪು ನೋಡಿಕೊಳ್ಳಲು ಕಂಟ್ರಾಕ್ಟರನೊಬ್ಬನ ಕೈಕೆಳಗೆ ಇವರು ಹೋಗಿದ್ದರು. ಆಗ ಇಪ್ಪತ್ತು ವರ್ಷ. ಅಲ್ಲಿ ಇವರ ಜೊತೆ ಕೆಲಸಕ್ಕೆ ಬಿಟ್ಟ ಸೆರೆಯಾಳು ಪಿಯೆತ್ರೋ. ವಯಸ್ಸು ನಲವತ್ತೈದು ದಾಟಿತ್ತು. ಆಫ್ರಿಕಾದ ಬಂದರೊಂದರ ವರ್ಕ್‌ಶಾಪಿನಲ್ಲಿ ಸಿಕ್ಕಿಬಿದ್ದ ಮೆಕ್ಯಾನಿಕ್ಕು. ಅದಕ್ಕೂ ಹಿಂದೆ, ಮೊದಲನೇ ಮಹಾಯುದ್ಧದಲ್ಲಿ, ‘ಝೆಫಿರೋ’ ಎಂಬ ವಿಧ್ವಂಸಕ ನೌಕೆಯ ಬಾಯ್ಲರ್ ಮುಂದೆ ಕೆಲಸ ಮಾಡಿದವನು. ಒಂದೂವರೆ ವರ್ಷ ಇಬ್ಬರೂ ಪಂಪಿನ ಮನೆಯಲ್ಲಿ ಅಕ್ಕಪಕ್ಕ ಕೂತಿದ್ದರು. ಬಾಯ್ಲರಿನ ವಿದ್ಯೆಯನ್ನೆಲ್ಲ ಪಿಯೆತ್ರೋ ಮೊದಲು ಕೈಸನ್ನೆಯಲ್ಲಿ, ಆಮೇಲೆ ಇಬ್ಬರೂ ಕಲಿತ ಹರಕುಮುರುಕು ಮಾತಿನಲ್ಲಿ ಹೇಳಿಕೊಟ್ಟ. ಇವರು ತಿಪಟೂರಿನಿಂದ ಉಂಡೆ ಕೊಬ್ಬರಿ ಒಯ್ದು ಕೊಟ್ಟರೆ ಅವನು ಅದನ್ನು ಮರದ ಚೆಂಡು ಎಂದುಕೊಂಡು ಎರಡು ದಿನ ಮೊಳೆ ಹೊಡೆಯಲು ಬಳಸಿದನಂತೆ. ತಿನ್ನುವುದು ಎಂದು ಗೊತ್ತಾದ ಮೇಲೆ ಹೊಡೆದ ಮೊಳೆಗೊಂದರಂತೆ ಕ್ಷಮೆ ಕೇಳಿದನಂತೆ. ಕ್ಯಾಂಪು ಬಿಡುವಾಗ ತಗಡಿನ ಹೊಗೆಸೊಪ್ಪಿನ ಡಬ್ಬಿಯೊಂದನ್ನು ಇವರಿಗೆ ಕೊಟ್ಟಿದ್ದ. ಅದರ ಮುಚ್ಚಳದ ಮೇಲೆ ಮೊಳೆಯ ಮೊನೆಯಿಂದ ತನ್ನ ಹಡಗನ್ನು ಕೊರೆದಿದ್ದ. ಉದ್ದವಾದ ಮೈ, ಮೂರು ಚಿಮಣಿ, ಕೆಳಗೆ ಹೆಸರು.

ನಾನು ಎರಡು ತಿಂಗಳು ಸಾಬರ ಶಿಷ್ಯನಾದೆ. ಕಾಲೇಜು ಬಿಟ್ಟ ಮೇಲೆ ಮಿಲ್ಲಿನ ಹಿಂದಿನ ಅವರ ಮನೆಗೆ ಹೋಗಿ ಕೂರುತ್ತಿದ್ದೆ. ಮುಂದುಗಡೆ ವರ್ಕ್‌ಶಾಪು, ಹಿಂದುಗಡೆ ಸಂಸಾರ. ಈ ನೌಕೆಗಳ ಹುಟ್ಟು ನನಗೆ ಲೈಬ್ರರಿಯ ಟಿಪ್ಪಣಿಗಳಿಂದ ಗೊತ್ತಾಗಿತ್ತು. ಟಾರ್ಪೆಡೊ ದೋಣಿ ಎಂಬ ಪುಟ್ಟ ದೋಣಿಗಳು ಬಂದ ಮೇಲೆ ದೊಡ್ಡ ಯುದ್ಧನೌಕೆಗಳಿಗೆ ನೆಮ್ಮದಿ ಇಲ್ಲದಾಯಿತು. ಹತ್ತಿರ ಬಂದು ನೀರಿನೊಳಗೆ ಒಂದು ಟಾರ್ಪೆಡೊ ಬಿಟ್ಟು ಓಡಿಹೋದರೆ ಊರಷ್ಟು ದೊಡ್ಡ ಹಡಗು ಮುಳುಗುತ್ತಿತ್ತು. ಈ ದೋಣಿಗಳನ್ನು ಅಟ್ಟಿ ಹೊಡೆಯಲು ಅವಕ್ಕಿಂತ ತುಸು ದೊಡ್ಡದಾದ, ಅವಕ್ಕಿಂತ ಜೋರಾಗಿ ಓಡುವ ನೌಕೆ ಬೇಕಾಯಿತು. ಅದೇ ವಿಧ್ವಂಸಕ. ಇಟಲಿಯವರು ಮೊದಲು ಒಂದನ್ನು ತಾವೇ ಕಟ್ಟಿದರು, ಅದು ಅಂದುಕೊಂಡಷ್ಟು ಓಡಲಿಲ್ಲ. ಆಮೇಲೆ ಕೆಲವನ್ನು ಜರ್ಮನಿಯಲ್ಲಿ ಕಟ್ಟಿಸಿದರು. ನಂತರ ಇಂಗ್ಲಿಷರ ನಮೂನೆ ಇಟ್ಟುಕೊಂಡು ನೇಪಲ್ಸ್‌ನಲ್ಲಿ ಆರು ನೌಕೆ ಕಟ್ಟಿ, ಅವಕ್ಕೆ ಗಾಳಿ ಬಿರುಗಾಳಿಗಳ ಹೆಸರಿಟ್ಟರು. ಝೆಫಿರೋ ಎಂದರೆ ಪಡುವಣ ಗಾಳಿ. ಆಷಾಢದಲ್ಲಿ ನಮ್ಮ ತೋಟಗಳಲ್ಲಿ ಗರಿಗಳನ್ನೆಲ್ಲ ಒಂದೇ ಕಡೆ ಬಾಚುವ ಗಾಳಿ. ಹಡಗಿಗೆ ಗಾಳಿಯ ಹೆಸರಿಟ್ಟವರ ಬಗ್ಗೆ ನನಗೆ ಆಗಲೇ ಒಂದು ಗೌರವ ಹುಟ್ಟಿತ್ತು.

ಇಷ್ಟು ನನಗೆ ಗೊತ್ತಿದ್ದರೂ ಆ ನೌಕೆ ಅಷ್ಟು ಸಪೂರ ಯಾಕೆ ಎಂಬುದು ತಲೆಗೆ ಹತ್ತುತ್ತಿರಲಿಲ್ಲ. ಒಂದು ಸಂಜೆ ಸಾಬರು ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಕರೆದರು. ತೆಂಗಿನ ಹೊಂಬಾಳೆ ಬಿಚ್ಚಿಕೊಂಡ ಮೇಲೆ ಅದರ ಹೊರಗವಚ ಒಣಗಿ ಬೀಳುತ್ತದಲ್ಲ, ಎರಡೂ ತುದಿ ಚೂಪಾಗಿ, ಉದ್ದಕ್ಕೆ, ದೋಣಿಯ ಹಾಗೆ, ಅಂಥದ್ದೊಂದನ್ನು ನೀರಿಗೆ ಬಿಟ್ಟು ಬೆರಳಲ್ಲಿ ನೂಕಿದರು. ಅದು ತೊಟ್ಟಿಯ ಆಚೆ ತುದಿಗೆ ಸುಯ್ಯೆಂದು ಹೋಯಿತು. ಪಕ್ಕದಲ್ಲಿದ್ದ ಬಾಂಡಲಿಯನ್ನೂ ಬಿಟ್ಟು ನೂಕಿದರು. ಅದು ಅಲ್ಲೇ ಗಿರಗಿರನೆ ತಿರುಗಿತು.

‘ಇದೇ ಕಣ್ರೀ ಮೇಷ್ಟ್ರೇ ಅದ್ರ ಕಥೆ’ ಎಂದರು. ಆಮೇಲೆ ಹೊಂಬಾಳೆಯ ದೋಣಿಯ ತಳಕ್ಕೆ ನಾಲ್ಕು ಬೋಲ್ಟು ಇಟ್ಟರು. ಅದು ಇನ್ನೂ ಗಟ್ಟಿಯಾಗಿ ಕೂತಿತು. ಅದೇ ಬೋಲ್ಟುಗಳನ್ನು ಒಂದು ಅಡ್ಡ ಕಡ್ಡಿಯ ಮೇಲೆ ಎತ್ತರಕ್ಕೆ ಇಟ್ಟರು. ದೋಣಿ ಮಗುಚಿ ಬೋಲ್ಟುಗಳು ತೊಟ್ಟಿಯ ತಳ ಸೇರಿದವು. ‘ಮೇಲಕ್ಕೆ ಏನೇ ಇಟ್ರೂ ಇದುಕ್ಕೆ ಭಯ. ಫಿರಂಗಿ ದೊಡ್ದು ಮಾಡೋಣ ಅಂತಾರೆ, ಮೈ ತಡೀಬೇಕಲ್ಲ. ಅದ್ಕೆ ಭಾರ ಇರೋದೆಲ್ಲ ತಳದಲ್ಲಿ. ಬಾಯ್ಲರ್ರು, ಇಂಜಿನ್ನು, ಅದ್ರ ಮಗ್ಗುಲಲ್ಲಿ ಜನ. ತಗಡು ಎಷ್ಟು ತೆಳ್ಳಗೆ ಅಂದ್ರೆ, ಅಲೆ ಹೊಡ್ದಾಗ ಒಳಗೆ ಕೂತೋನ್ ಬೆನ್ನಿಗೆ ತಾಗೋದಂತೆ.’

ನೌಕೆಯ ಮುಂಭಾಗ ಆಮೆಯ ಬೆನ್ನಿನಂತೆ ಬಾಗಿರುತ್ತಿತ್ತು, ಮೇಲೆ ಬಿದ್ದ ನೀರು ಇಳಿದುಹೋಗಲಿ ಎಂದು. ನೀರು ಇಳಿಯುತ್ತಿತ್ತು, ಆದರೆ ಅಲ್ಲಿ ನಿಂತವರನ್ನು ಪೂರಾ ತೋಯಿಸಿಕೊಂಡೇ ಇಳಿಯುತ್ತಿತ್ತು. ಕಟ್ಟಿದ ಹೊಸದರಲ್ಲಿ ಪರೀಕ್ಷೆಯ ದಿನ ಓಡಿದಷ್ಟು ಜೋರಾಗಿ ಸೇವೆಯಲ್ಲಿ ಯಾವತ್ತೂ ಓಡಲಿಲ್ಲ ಎಂದು ನಾನು ಓದಿ ಹೇಳಿದರೆ ಸಾಬರಿಗೆ ಆಶ್ಚರ್ಯವೇ ಆಗಲಿಲ್ಲ. ‘ದನ ಮಾರೋ ದಿನ ಹೊಟ್ಟೆ ತುಂಬ ಹಿಂಡಿ ಇಕ್ಕಲ್ವಾ? ಹಂಗೇಯಾ’ ಎಂದರು. ಟಾರ್ಪೆಡೊ ದೋಣಿಯ ಬೇಟೆಗಾರ ಎಂಬ ಅರ್ಥದ ಇಟಾಲಿಯನ್ ಪದ, ‘ಕಾಚ್ಚಾತೊರ್ಪೆದಿನಿಯೇರೆ’, ನನ್ನ ಬಾಯಲ್ಲಿ ಮೂರು ಕಡೆ ಮುರಿಯುತ್ತಿತ್ತು. ಸಾಬರು ಬೀಡಿ ಕಚ್ಚಿಕೊಂಡೇ ಸಲೀಸಾಗಿ ಹೇಳುತ್ತಿದ್ದರು. ಇದು ನನಗೆ ಒಳಗೊಳಗೆ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಎಂ.ಎ. ಮಾಡಿದವನು ನಾನು, ಪಾಠ ಹೇಳುವವರು ಅವರು.

ಅಂಥ ಹೊತ್ತಿನಲ್ಲೇ ಬೆಂಗಳೂರಿನ ಗೆಳೆಯನೊಬ್ಬ ಲೈಬ್ರರಿಯಿಂದ ತೆಗೆದ ದಪ್ಪ ಪುಸ್ತಕವೊಂದನ್ನು ನನಗೆ ಕಳಿಸಿದ. ಅದರಲ್ಲಿ ಹುಡುಕುತ್ತಾ ಹೋದರೆ ಝೆಫಿರೋ ನೌಕೆಯದೇ ಫೋಟೋ. ಸಪೂರ ಮೈ, ಆಮೆಯ ಬೆನ್ನು, ಎಲ್ಲ ಸರಿ. ಆದರೆ ಚಿಮಣಿ ಎರಡು. ಪಕ್ಕದಲ್ಲಿ ಕಲ್ಲಿದ್ದಲಿನ ಬಾಯ್ಲರು ಎಂದು ಬರೆದಿತ್ತು. ಸಾಬರು ಹೇಳಿದ ಕಥೆಯಲ್ಲಿ ಪಿಯೆತ್ರೋ ಎಣ್ಣೆ ಉರಿಸುವ ಬಾಯ್ಲರಿನ ಮುಂದೆ ಕೂರುತ್ತಿದ್ದವನು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನೇರ ಮಿಲ್ಲಿನ ಅಂಗಳಕ್ಕೆ ಹೋದೆ.

ಅಟ್ಟದಿಂದ ಇಳಿಸಿದ ಕೊಬ್ಬರಿಯ ರಾಶಿ ಅಂಗಳದಲ್ಲಿತ್ತು. ಹತ್ತು ಹನ್ನೆರಡು ಆಳುಗಳು ಒಳ್ಳೆಯದು ಕೆಟ್ಟದ್ದು ಆರಿಸುತ್ತಿದ್ದರು. ಗಂಗಾಧರಪ್ಪನವರು ಮಂಚದ ಮೇಲೆ ಕೂತು ಟೀ ಕುಡಿಯುತ್ತಿದ್ದರು. ‘ಸಾಬ್ರೇ, ನಿಮ್ಮ ಡಬ್ಬಿ ಕೊಡಿ ಇಲ್ಲಿ’ ಎಂದೆ. ಅವರು ಪಾಪ, ಖುಷಿಯಿಂದಲೇ ಜೇಬಿನಿಂದ ತೆಗೆದು ಕೊಟ್ಟರು. ಫೋಟೋದ ಪಕ್ಕ ಡಬ್ಬಿ ಇಟ್ಟು ಎಲ್ಲರಿಗೂ ತೋರಿಸಿದೆ. ಇಲ್ಲಿ ಎರಡು, ಅಲ್ಲಿ ಮೂರು.

‘ಹಂಗಾದ್ರೆ ಇಷ್ಟ್ ವರ್ಷ ನಮಗೆ ರೈಲು ಬುಟ್ರಾ ಸಾಬ್ರೇ?’ ಎಂದು ಗಂಗಾಧರಪ್ಪನವರು ನಕ್ಕರು.

‘ರೈಲಲ್ಲ ಗಂಗಣ್ಣೋರೇ. ಅವ್ನು ಆ ಹಡ್ಗಲ್ಲಿ ಎಣ್ಣೆ ಬಾಯ್ಲರ್ ನೋಡ್ಕಂಡಿದ್ದೋನು. ಇದ್ದಿದ್ದು ಇದ್ದಂಗೆ ಹೇಳವ್ನೆ.’

‘ಎಣ್ಣೆಯಲ್ಲ, ಕಲ್ಲಿದ್ದಲು ಅಂತ ಇದೆ ಪುಸ್ತಕದಲ್ಲಿ’ ಎಂದೆ. ‘ಚಿಮಣಿಯೂ ಸುಳ್ಳು, ಎಣ್ಣೆಯೂ ಸುಳ್ಳು. ಅವನು ಆ ಹಡಗು ಹತ್ತಿಯೇ ಇಲ್ಲ. ನಿಮಗೆ ಟೋಪಿ ಹಾಕಿದ್ದಾನೆ.’

ಆಳುಗಳು ಕೈ ನಿಲ್ಲಿಸಿ ನೋಡುತ್ತಿದ್ದರು. ಸಾಬರು ಡಬ್ಬಿ ತೆಗೆದುಕೊಂಡು, ಅಂಗಿಯ ತುದಿಯಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡರು. ‘ಇರ್ಲಿ ಬುಡಿ ಮೇಷ್ಟ್ರೇ’ ಎಂದಷ್ಟೇ ಹೇಳಿ ಬಾಯ್ಲರಿನ ಕಡೆಗೆ ಹೋದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಕೊಬ್ಬರಿ ಕೊಳ್ಳುವವನು ಇಡೀ ಮೂಟೆ ಸುರಿದು ನೋಡುವುದಿಲ್ಲ. ಮೂಟೆಗೆ ಕೈ ಹಾಕಿ ಒಂದು ಗಿಟುಕು ತೆಗೆದು, ಒಡೆದು, ಮೂಸಿ, ಮೂಟೆಗೆಲ್ಲ ತೀರ್ಪು ಕೊಡುತ್ತಾನೆ. ನಮ್ಮ ಅಪ್ಪ ಇದರಲ್ಲಿ ಹೆಸರುವಾಸಿ. ಆ ಗತ್ತು ನನಗೂ ರಕ್ತದಲ್ಲೇ ಬಂದಿತ್ತು. ಒಂದು ಫೋಟೋ ಒಡೆದು ನೋಡಿ ಒಂದು ಹಡಗಿನ ಇಡೀ ಆಯಸ್ಸಿಗೆ, ಜೊತೆಗೆ ಇಬ್ಬರು ಮನುಷ್ಯರ ಮಾತಿಗೆ, ತೀರ್ಪು ಕೊಟ್ಟುಬಿಟ್ಟೆ. ನಮ್ಮ ಊರಿನವನಲ್ಲದೆ ಬೇರೆ ಯಾರೂ ಅಷ್ಟು ಸಲೀಸಾಗಿ ಈ ತಪ್ಪು ಮಾಡುತ್ತಿರಲಿಲ್ಲ.

ಒಂದೇ ವಾರದಲ್ಲಿ ಅವರಿಗೆ ‘ಮೂರು ಚಿಮಣಿ ಸಾಬ್ರು’ ಎಂಬ ಹೆಸರು ಬಿತ್ತು. ಅಷ್ಟಕ್ಕೇ ನಿಂತಿದ್ದರೆ ತಮಾಷೆ. ಸಾಬರು ಬಾಯ್ಲರಿನ ಒಂದು ಕೊಳವೆ ಸವೆದಿದೆ, ಬದಲಾಯಿಸಬೇಕು ಎಂದಾಗ ಗಂಗಾಧರಪ್ಪನವರು, ‘ನೋಡಿ ಹೇಳ್ತೀರೋ, ಇದೂ ಇಟಲಿದೋ?’ ಎಂದರಂತೆ. ಸಾಬರು ತಮ್ಮ ಪಾನಾಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮಿಲ್ಲಿಗೆ ಅರಸೀಕೆರೆ ಕಡೆಯಿಂದ ಬೇರೆ ಮಿಸ್ತ್ರಿ ಬಂದ. ಪಂಪುಸೆಟ್ಟಿನವರೂ ಒಬ್ಬೊಬ್ಬರಾಗಿ ಇನ್ನೊಬ್ಬರನ್ನು ಕೇಳಿ ನೋಡೋಣ ಎನ್ನತೊಡಗಿದರು. ಮೂವತ್ತೈದು ವರ್ಷ ಅಂಗೈ ಇಟ್ಟು ಗಳಿಸಿದ ಮಾತು ನನ್ನ ಒಂದು ಮಧ್ಯಾಹ್ನದ ವಿದ್ವತ್ತಿಗೆ ಬಿತ್ತು. ನನಗೆ ಕಸಿವಿಸಿಯಾಯಿತು, ಆದರೆ ನಿಜ ಹೇಳಿದ್ದರಲ್ಲಿ ನನ್ನ ತಪ್ಪೇನು ಎಂದು ಸಮಾಧಾನ ಮಾಡಿಕೊಂಡ ಭೂಪ ನಾನು. ಅದೇ ಗತ್ತಿನಲ್ಲಿ ಲೇಖನ ಮುಗಿಸಿ ಮೈಸೂರಿಗೆ ಕಳಿಸಿದೆ. ಎರಡು ಚಿಮಣಿ, ಕಲ್ಲಿದ್ದಲು, ಎಲ್ಲ ಪುಸ್ತಕದಲ್ಲಿದ್ದಂತೆ.

ಅದೇ ದಿನಗಳಲ್ಲಿ ನನ್ನ ಪಂಪ್ ಸ್ಟವ್ ಕೆಟ್ಟಿತು. ನಾಚಿಕೆ ಬಿಟ್ಟು ಸಾಬರ ಹತ್ತಿರವೇ ಒಯ್ದೆ. ಅವರು ಬಿಚ್ಚಿ, ಸರಿಮಾಡಿ, ಹಚ್ಚಿ ತೋರಿಸಿ, ಒಳಗೆ ಕೈ ತೊಳೆಯಲು ಹೋದರು. ಆಗ ಅವರ ಹೆಂಡತಿ ಮೆಹಬೂಬ್ ಬೀ ನಡುಬಾಗಿಲಿಗೆ ಬಂದರು. ಅದುವರೆಗೆ ಟೀ ಲೋಟ ಮುಂದಿಟ್ಟದ್ದು ಬಿಟ್ಟರೆ ನನ್ನ ಜೊತೆ ಮಾತಾಡಿದವರಲ್ಲ.

‘ಮೇಷ್ಟ್ರೇ, ಹಡ್ಗು ಗಿಡ್ಗು ನಂಗೊತ್ತಿಲ್ಲ’ ಎಂದರು. ‘ಅಟ್ಟಕ್ಕೆ ಹಾಕ್ದಾಗ ಕಾಯಿ ತುಂಬ ನೀರಿರ್ತದೆ. ವರ್ಷ ಬಿಟ್ಟು ಇಳ್ಸಿದ್ರೆ ಅದೇ ಕಾಯಲ್ಲಿ ಒಣಾ ಕೊಬ್ಬರಿ. ನೀರಿತ್ತು ಅಂದೋರೂ ಸುಳ್ಳು ಹೇಳಿಲ್ಲ, ಕೊಬ್ಬರಿ ಐತೆ ಅಂದೋರೂ ಸುಳ್ಳು ಹೇಳಿಲ್ಲ. ಯಾವಾಗ ನೋಡಿದ್ದು ಅಂತ ಒಂದು ಮಾತು ಕೇಳ್ಬೋದಿತ್ತಲ್ವಾ ನೀವು?’

ಮನೆಯಲ್ಲಿರುವ ಹೆಂಗಸಿಗೆ ಯುದ್ಧನೌಕೆಯ ವಿಷಯ ಏನು ಗೊತ್ತು ಎಂದುಕೊಂಡು ಸ್ಟವ್ ಹಿಡಿದು ಬಂದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮೂರು ವಾರ ಕಳೆಯಿತು. ಮೈಸೂರಿನಿಂದ ನನ್ನ ಲೇಖನ ಹಿಂತಿರುಗಿ ಬಂತು. ಪರಿಶೀಲಿಸಿದವರು ಅಂಚಿನಲ್ಲಿ ಹೀಗೆ ಬರೆದಿದ್ದರು: ‘ಲೇಖಕರು ಕಟ್ಟಿದಾಗಿನ ರೂಪವನ್ನಷ್ಟೇ ಕೊಟ್ಟಿದ್ದಾರೆ. ಮಹಾಯುದ್ಧಕ್ಕೆ ಮುಂಚೆಯೇ ಈ ಆರೂ ನೌಕೆಗಳ ಕಲ್ಲಿದ್ದಲಿನ ಬಾಯ್ಲರು ತೆಗೆದು ಎಣ್ಣೆಯವನ್ನು ಹಾಕಲಾಯಿತು. ಎರಡು ದಪ್ಪ ಚಿಮಣಿಗಳ ಜಾಗದಲ್ಲಿ ಮೂರು ಸಣ್ಣವು ಬಂದವು.’ ಜೊತೆಗೆ ಟೈಪು ಮಾಡಿದ ಹಾಳೆಯೊಂದನ್ನು ಲಗತ್ತಿಸಿದ್ದರು. ಯಾವ ನೌಕೆ ಕೊನೆಗೆ ಏನಾಯಿತು ಎಂಬ ಪಟ್ಟಿ ಅದರಲ್ಲಿತ್ತು. ಪುಸ್ತಕ ತೆಗೆದು ಫೋಟೋ ಮತ್ತೆ ನೋಡಿದೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಹೊಸದಾಗಿ ಕಟ್ಟಿದಾಗ ತೆಗೆದದ್ದು ಎಂದಿತ್ತು. ನನಗೆ ಸಿಕ್ಕ ಎರಡು ಸುಳ್ಳುಗಳು ಒಂದೇ ನಿಜದ ಎರಡು ತುದಿಗಳಾಗಿದ್ದವು. ಎಣ್ಣೆ ಬಂದದ್ದಕ್ಕೇ ಚಿಮಣಿ ಮೂರಾದದ್ದು. ಸಾಬರು ಅಂಗಳದಲ್ಲಿ ನಿಂತು ಹೇಳಿದ್ದೂ ಅದನ್ನೇ, ಎಣ್ಣೆ ಎಂದು. ನಾನು ಅದನ್ನೂ ಸುಳ್ಳಿನ ಲೆಕ್ಕಕ್ಕೇ ಸೇರಿಸಿದ್ದೆ.

ಸಾಬರ ಮನೆಗೆ ಹೋಗಿ ಗುಟ್ಟಾಗಿ ತಪ್ಪಾಯಿತು ಎನ್ನುವುದು ಸುಲಭವಿತ್ತು. ಆದರೆ ಮಾತು ಕಳೆದಿದ್ದು ಅಂಗಳದಲ್ಲಿ, ಅಲ್ಲೇ ಹಿಂದಿರುಗಿಸಬೇಕಾಗಿತ್ತು. ಮಾರನೆಯ ದಿನ ಆಳುಗಳೆಲ್ಲ ಕೊಬ್ಬರಿ ಮುಂದೆ ಕೂತ ಹೊತ್ತಿಗೆ ಹೋಗಿ, ಮೈಸೂರಿನವರು ಬರೆದದ್ದನ್ನು ಪಾಠ ಓದುವ ದನಿಯಲ್ಲಿ ಓದಿದೆ. ಒಂದಕ್ಷರವನ್ನೂ ಬಿಡಲಿಲ್ಲ.

‘ಅಂದ್ರೆ ತಪ್ಪು ಯಾರ್ದು ಅಂತ ಆಯ್ತು?’ ಎಂದರು ಗಂಗಾಧರಪ್ಪನವರು.

‘ನನ್ನದು. ಸಾಬರೂ ಸುಳ್ಳು ಹೇಳಿಲ್ಲ, ಇಟಲಿಯವನೂ ಹೇಳಿಲ್ಲ. ನೋಡದೆ ಮಾತಾಡಿದವನು ನಾನು.’

ಗಂಗಾಧರಪ್ಪನವರು ಸ್ವಲ್ಪ ಹೊತ್ತು ಟವೆಲಿನಲ್ಲಿ ಮುಖ ಒರೆಸಿಕೊಂಡರು. ‘ನಾನೂ ಏನ್ ಕಡಿಮೆ ಆಡ್ಲಿಲ್ಲ ಬುಡಿ. ಹೋಗಿ ಸಾಬ್ರನ್ನ ಕರ್ಕಂಬನ್ನಿ ಮೇಷ್ಟ್ರೇ.’

ಸಾಬರು ಬರಲಿಲ್ಲ. ‘ನೀವು ಕರುದ್ರಿ ಅಂತ ನಾ ಬರಲ್ಲ’ ಎಂದರು, ಕೋಪವಿಲ್ಲದ ದನಿಯಲ್ಲಿ. ‘ಬಾಯ್ಲರ್‌ಗೆ ನಾನ್ ಬೇಕು ಅನ್ಸುದ್ರೆ ಗಂಗಣ್ಣೋರಿಗೆ ದಾರಿ ಗೊತ್ತೈತೆ.’ ಗಂಗಾಧರಪ್ಪನವರು ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿನ ಹಿಂದಕ್ಕೆ ನಡೆದು ಬಂದಿದ್ದನ್ನು ನಾನು ಕಣ್ಣಾರೆ ಕಂಡೆ. ಅಪ್ಪನ ಕಾಲದಿಂದ ಅವರು ಆಳುಗಳ ಮನೆ ಬಾಗಿಲು ತುಳಿದವರಲ್ಲ. ಸಾಬರು ಹೋಗಿ ಬಾಯ್ಲರಿನ ಮೈಗೆ ಅಂಗೈ ಇಟ್ಟರು. ಅವರು ಹೇಳಿದ್ದ ಕೊಳವೆ ಕಾಗದದಷ್ಟು ತೆಳ್ಳಗಾಗಿತ್ತು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಬಾಯ್ಲರು ಸಿಡಿದು ಆ ಅಂಗಳದಲ್ಲಿ ಏನಾಗುತ್ತಿತ್ತೋ.

ಅಂದು ಸಂಜೆ ವರ್ಕ್‌ಶಾಪಿನಲ್ಲಿ ಕೂತಿದ್ದೆವು. ಮೆಹಬೂಬ್ ಬೀ ಟೀ ಕೊಟ್ಟರು. ನಾನು ಅವರನ್ನು ನೋಡಿ, ‘ನೀವು ಕೇಳಿದ್ದನ್ನೇ ಮೈಸೂರಿನವರೂ ಕೇಳಿದ್ದಾರೆ ಅಮ್ಮ’ ಎಂದೆ. ಅವರು ಸುಮ್ಮನೆ ನಕ್ಕು ಒಳಗೆ ಹೋದರು. ಸಾಬರು ಮೈಸೂರಿನ ಹಾಳೆಗಳ ಕಡೆ ನೋಡುತ್ತಿದ್ದರು.

‘ಮೇಷ್ಟ್ರೇ, ಆ ಹಡ್ಗು ಈಗ ಎಲ್ಲೈತೆ ಅಂತ ಬರ್ದವ್ರಾ ಅದ್ರಲ್ಲಿ?’

ಆ ಪಟ್ಟಿಯಲ್ಲಿತ್ತು. ಆರರಲ್ಲಿ ಮೂರು ನೌಕೆ ಮೊದಲನೇ ಯುದ್ಧದಲ್ಲೇ ಮುಳುಗಿದ್ದವು. ಉಳಿದ ಮೂರನ್ನು ಯುದ್ಧ ಮುಗಿದ ಕೆಲವೇ ವರ್ಷಕ್ಕೆ ಹಳೆಯವಾದವು ಎಂದು ಸೇವೆಯಿಂದ ತೆಗೆದು ಒಡೆದಿದ್ದರು. ಝೆಫಿರೋ ಅವುಗಳಲ್ಲೊಂದು. ‘ಯಾಕೆ ಕೇಳ್ತೀರಿ?’ ಎಂದೆ.

‘ಅವ್ನು ಹೇಳ್ತಿದ್ದ. ಯುದ್ಧ ಮುಗುದ್ಮೇಲೆ ಊರಿಗೆ ಹೋಯ್ತೀನಿ, ಮೊದ್ಲು ಬಂದರಿಗೆ ಹೋಗಿ ನನ್ ಹಡ್ಗು ನೋಡ್ತೀನಿ, ಅಲ್ಲೇ ನಿಂತದೆ, ನಂಗೆ ಕಾಯ್ತಾ ಅದೆ ಅಂತ. ದಿನಾ ಹೇಳ್ತಿದ್ದ. ಹೋಗಿ ನೋಡುದ್ನೋ ಇಲ್ವೋ ಅಂತ ನಂಗೆ ಈಗ್ಲೂ ಒಂದೊಂದ್ ಸಲ ಅನ್ನುಸ್ತದೆ.’

ಅಂಗಳದಲ್ಲಿ ಸುಳ್ಳನ್ನು ನಿಜದಂತೆ ಕೂಗಿ ಹೇಳಿದವನಿಗೆ ಈಗ ನಿಜವನ್ನು ಮೆಲ್ಲಗೆ ಹೇಳಲೂ ಬಾಯಿ ಬರಲಿಲ್ಲ. ಆದರೆ ಸಾಬರ ಎದುರು ಇನ್ನೊಂದು ಸುಳ್ಳು ನನ್ನಿಂದ ಆಗುತ್ತಿರಲಿಲ್ಲ. ಇದ್ದದ್ದನ್ನು ಹೇಳಿದೆ. ಅವನು ಬೆಂಗಳೂರಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಹಡಗು ಹೋಗಿತ್ತು ಎಂದೆ.

ಅವರು ಬೀಡಿ ಹಚ್ಚಿದರು. ‘ಅವ್ನಿಗೆ ಗೊತ್ತಿತ್ತಾ?’

‘ಬಂದರಿನಲ್ಲೇ ಕೆಲಸ ಮಾಡಿದವನು. ಗೊತ್ತಿಲ್ಲದೆ ಇರುವುದಿಲ್ಲ.’

ಆಮೇಲೆ ನನಗಲ್ಲ, ತಮಗೇ ಹೇಳಿಕೊಳ್ಳುವ ಹಾಗೆ ಹೇಳಿದರು. ‘ಅವ್ನ ಮನೆ ಮೇಲೆ ಬಾಂಬ್ ಬಿದ್ದು ಯಾರೂ ಉಳ್ದಿಲ್ಲ ಅಂತ ಕಾಗ್ದ ಬಂದಿತ್ತು. ಅದಾದ್ ಮೇಲೇಯಾ ಅವ್ನು ಹಡ್ಗಿನ್ ಮಾತು ಶುರು ಮಾಡಿದ್ದು. ಊರಿಗೆ ಹೋಗ್ಬೇಕು ಅಂದ್ರೆ ಅಲ್ಲಿ ಏನಾರ ಒಂದು ಇರ್ಬೇಕಲ್ಲ ಮೇಷ್ಟ್ರೇ.’

ನನ್ನ ಕಣ್ಣು ತುಂಬಿತು. ಎಂದೂ ಕಾಣದ ಒಬ್ಬ ಮನುಷ್ಯನಿಗಾಗಿ ತಿಪಟೂರಿನ ವರ್ಕ್‌ಶಾಪೊಂದರಲ್ಲಿ ಕೂತು ನಾನು ಅತ್ತೆ. ಸಾಬರು ಅಳಲಿಲ್ಲ.

‘ನಿಮ್ ಪುಸ್ತಕದಲ್ಲಿ ಅವ್ನ ಹಡ್ಗು ಒಡುದ್ರು ಅಂತ ಬರೀಬ್ಯಾಡಿ’ ಎಂದರು. ‘ಮಿಕ್ಕಿದ್ದೆಲ್ಲ ಬರೀರಿ. ಅದೊಂದು ಬುಡಿ.’

ನಾನು ಬಿಟ್ಟೆ. ಗ್ರಂಥ ಅಚ್ಚಾಯಿತು. ಆರು ನೌಕೆ ಕಟ್ಟಿದರು, ಮೂರು ಯುದ್ಧದಲ್ಲಿ ಮುಳುಗಿದವು, ಎರಡನ್ನು ಒಡೆದರು ಎಂದು ನನ್ನ ಲೇಖನದಲ್ಲಿದೆ. ಕೂಡಿದರೆ ಐದೇ ಆಗುತ್ತದೆ. ಕೆಲವರು ಕಾಗದ ಬರೆದು ತಪ್ಪು ತೋರಿಸಿದರು. ಸಹೋದ್ಯೋಗಿಗಳು ಚರಿತ್ರೆಯ ಮೇಷ್ಟ್ರಿಗೆ ಕೂಡುವ ಲೆಕ್ಕ ಬರುವುದಿಲ್ಲ ಎಂದು ಛೇಡಿಸಿದರು. ಆಗ ನಾನು ಸುಮ್ಮನಿದ್ದದ್ದು ಸಾಬರಿಗೆ ಕೊಟ್ಟ ಮಾತಿಗಾಗಿ.

ಸಾಬರು ತೀರಿಕೊಂಡು ಬಹಳ ವರ್ಷವಾಯಿತು. ಮೆಹಬೂಬ್ ಬೀಯೂ ಇಲ್ಲ. ಆ ಮಾತಿಗೆ ನನ್ನನ್ನು ಕಟ್ಟಿಹಾಕುವವರು ಈಗ ಯಾರೂ ಇಲ್ಲ. ಗ್ರಂಥದ ಹೊಸ ಮುದ್ರಣ ಬರುತ್ತಿದೆ ಎಂದು ಕಳೆದ ತಿಂಗಳು ನನ್ನ ಲೇಖನದ ಕರಡಚ್ಚು ಕಳಿಸಿದ್ದರು. ಅದನ್ನು ತಿದ್ದಿ ಕೊಟ್ಟುಬರಲೆಂದೇ ಮೊನ್ನೆ ನಾನು ಹೊರಟಿದ್ದು. ಹುಡುಗಿಯೊಬ್ಬಳು ಸಂಪಾದಕಿಯಂತೆ, ಬಲು ಜಾಣೆ. ಐದು ನೌಕೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಕೇಳಿದ್ದಳು: ‘ಸರ್, ಆರನೆಯ ನೌಕೆ ಏನಾಯಿತು?’ ಆ ಜಾಗ ಒಂದನ್ನು ತುಂಬಿರಲಿಲ್ಲ, ದಾರಿಯಲ್ಲಿ ಯೋಚಿಸೋಣ ಎಂದು ಹಾಗೇ ಚೀಲಕ್ಕೆ ಹಾಕಿದ್ದೆ. ನಿಮಗೆ ನಿಜ ಹೇಳಿದ್ದೇನೆ, ಇಷ್ಟು ದೂರ ನನ್ನ ಜೊತೆ ನಡೆದು ಬಂದವರು ನೀವು. ಆದರೆ ಎಲ್ಲ ಪುಸ್ತಕಕ್ಕೂ ಎಲ್ಲ ನಿಜವೂ ಸಲ್ಲಬೇಕಾಗಿಲ್ಲ ಎಂದು ಈ ವಯಸ್ಸಿಗೆ ನನಗೆ ಅನ್ನಿಸಿದೆ, ಯಾರ ಅಪ್ಪಣೆಯೂ ಇಲ್ಲದೆ. ಕಿಬ್ಬನಹಳ್ಳಿಯ ಆ ಹೊಗೆಯಲ್ಲಿ ನಿಂತೇ ಚೀಲದಿಂದ ಕರಡಚ್ಚು ತೆಗೆದು, ಅಂಗೈ ಮೇಲೆ ಇಟ್ಟುಕೊಂಡು, ಹುಡುಗಿಯ ಪ್ರಶ್ನೆಯ ಮುಂದೆ ದುಂಡಗೆ ಬರೆದೆ: ‘ಬಂದರಿನಲ್ಲಿದೆ.’